ಒಂದೇ ಗಡಿಯಾರದ ವಠಾರ

ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆಗೆ ಮೈಸೂರಿನಿಂದ ಭಾವನ ಫೋನು. ನಮ್ಮ ಅಕ್ಕನ ಯಜಮಾನರು, ಒಂದು ಕಲ್ಯಾಣಮಂಟಪದ ಮಾಲೀಕರು, ಎಂಟಕ್ಕೆಲ್ಲ ಸ್ನಾನ ಪೂಜೆ ಮುಗಿಸಿ ಎರಡನೇ ಲೋಟ ಕಾಫಿಗೆ ಕೂತಿರುವವರು. ನಾನು ಬೆಂಗಳೂರಿನಲ್ಲಿ ಇನ್ನೂ ಹೊದಿಕೆಯೊಳಗಿದ್ದೆ.

“ಇವತ್ತು ಯಾವ ವಾರ ಕಣಯ್ಯ?” ಅಂದರು.

ನಿದ್ದೆಗಣ್ಣಿನಲ್ಲಿ ಇಂಥ ಪ್ರಶ್ನೆ ಕೇಳಿದರೆ ಗೊತ್ತಿರುವುದೂ ಮರೆತುಹೋಗುತ್ತದೆ. ತಡವರಿಸಿ “ಸೋಮವಾರ” ಅಂದೆ.

“ನಾನೂ ಹಾಗೇ ಅಂದ್ಕೊಂಡಿದ್ದೆ. ನಿನ್ನ ವೆಬ್‌ಸೈಟಿಗೆ ಮಾತ್ರ ಇನ್ನೂ ಭಾನುವಾರವಂತೆ. ರಾಹುಕಾಲ ಸಾಯಂಕಾಲ ನಾಲ್ಕೂವರೆಗೆ ಅಂತ ಬರೆದುಕೊಂಡು ಕೂತಿದೆ. ಇಲ್ಲಿ ರಾಹು ಬಂದು ಆಗಲೇ ಅರ್ಧ ಗಂಟೆ ಆಯ್ತು. ಹೆಣ್ಣಿನ ಕಡೆಯವರು ಮುಂಗಡ ಹಿಡಿದುಕೊಂಡು ಹೊರಗೆ ಕೂತಿದ್ದಾರೆ. ಮೊಬೈಲ್ ತೋರಿಸಿ, ‘ಸ್ವಾಮಿ, ನಿಮ್ಮ ಸೈಟೇ ಹೇಳ್ತಿದೆಯಲ್ಲ, ಈಗ ಕೊಡಬಹುದು’ ಅಂತಾರೆ. ಏನು ಹೇಳಲಿ?”

ಆ ರಾಹುಕಾಲದ ಚೌಕ ನನ್ನದೇ ಕೈಚಳಕ. ಮಂಟಪದ ಬಾಡಿಗೆ, ಊಟದ ಹಾಲಿನ ಅಳತೆ, ಗಾಡಿ ನಿಲ್ಲಿಸುವ ಜಾಗ ಇಷ್ಟನ್ನೇ ಹಾಕಿದರೆ ಸೈಟು ಸಪ್ಪೆಯಾಗಿ ಕಾಣುತ್ತದೆಂದು, ‘ಇಂದಿನ ರಾಹುಕಾಲ’ ಎಂದು ಕುಂಕುಮದ ಬಣ್ಣದ ಒಂದು ಚೌಕ ಸೇರಿಸಿದ್ದೆ. ಒಳಗಿರುವುದು ಪೈಥಾನ್ ಭಾಷೆಯ ಹತ್ತು ಸಾಲಿನ ಪ್ರೋಗ್ರಾಮು. ಇವತ್ತು ಯಾವ ವಾರ ಎಂದು ಕಂಪ್ಯೂಟರನ್ನು ಕೇಳುವುದು, ಆ ವಾರದ ಮುಂದಿರುವ ವೇಳೆಯನ್ನು ಬರೆಯುವುದು. ಭಾನುವಾರ ಸಂಜೆ 4.30ರಿಂದ 6, ಸೋಮವಾರ ಬೆಳಿಗ್ಗೆ 7.30ರಿಂದ 9, ಗೋಡೆಯ ಕ್ಯಾಲೆಂಡರಿನಲ್ಲಿರುವ ಅದೇ ಲೆಕ್ಕ. ರಾಹುವಿನಲ್ಲಿ ನನಗೆ ನಂಬಿಕೆಯಿಲ್ಲ, ಪೈಥಾನಿನಲ್ಲಿ ಇದೆ. ಹತ್ತು ಸಾಲಿನಲ್ಲಿ ತಪ್ಪು ಅವಿತುಕೊಳ್ಳಲು ಜಾಗವಾದರೂ ಎಲ್ಲಿ?

ಎದ್ದು, ತಿಂಡಿ ತಿಂದು, ಹನ್ನೊಂದು ಗಂಟೆಗೆ ನೋಡಿದೆ. ಸೋಮವಾರ, 7.30ರಿಂದ 9. ಸರಿಯಾಗಿಯೇ ಇದೆ! ಭಾವನಿಗೆ ಹೇಳಿದೆ. “ರಾಹು ಹೋಗಿ ಎರಡು ಗಂಟೆ ಆದಮೇಲೆ ಸರಿಯಾದರೆ ಏನಯ್ಯ ಪ್ರಯೋಜನ” ಎಂದು ಫೋನಿಟ್ಟರು. ಇರಲಿ ಎಂದು ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಿದೆ. ಮಂಟಪದ ಸೈಟು ತೆರೆದು ಇನ್ನೊಮ್ಮೆ ನೋಡಿದೆ, ಸರಿಯಾಗಿತ್ತು. ಮಾರನೆಯ ದಿನ ಎಂಟು ಗಂಟೆಗೆ ಮತ್ತೆ ಫೋನು: ಮಂಗಳವಾರದ ಬೆಳಿಗ್ಗೆ ನನ್ನ ಸೈಟಿಗೆ ಸೋಮವಾರ. ಹನ್ನೊಂದಕ್ಕೆ ನೋಡಿದರೆ ಮಂಗಳವಾರ. ಹೀಗೆ ಗುರುವಾರದವರೆಗೆ ನಡೆಯಿತು. ಭಾವ ನೋಡಿದಾಗ ತಪ್ಪು, ನಾನು ನೋಡಿದಾಗ ಸರಿ. ನಮ್ಮಿಬ್ಬರ ಮೂವತ್ತು ವರ್ಷದ ಸಂಬಂಧವೂ ಒಟ್ಟಾರೆ ಹೀಗೆಯೇ ನಡೆದುಕೊಂಡು ಬಂದಿರುವುದರಿಂದ ಮನೆಯವರಿಗೆ ಇದು ವಿಶೇಷವೆನಿಸಲಿಲ್ಲ.

ಭಾವನಿಗೆ ನಾನು ಹೇಳದಿದ್ದ ಸಂಗತಿಯೊಂದಿತ್ತು. ಅವರ ವೆಬ್‌ಸೈಟಿಗೆ ಸ್ವಂತ ಮನೆ ಇಲ್ಲ. ತಿಂಗಳ ಬಾಡಿಗೆಗೆ ನಾನು ಹಿಡಿದಿರುವ, 1 ಗಿಗಾಬೈಟ್ ಮೆಮೊರಿಯ ಪುಟ್ಟ ಸರ್ವರೊಂದರಲ್ಲಿ ಐದು ಸಂಸಾರಗಳಿವೆ. ಭಾವನ ಮಂಟಪ ಒಂದು. ಕೊಪ್ಪದ ಕಡೆ ಸೋದರಮಾವ ನಡೆಸುವ ಹೋಮ್‌ಸ್ಟೇ ಇನ್ನೊಂದು. ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ನಿವೃತ್ತರಾದ ಮೇಲೆ ಬರೆಯುತ್ತಿರುವ ವ್ಯಾಕರಣದ ಲೇಖನಗಳು ಮೂರನೆಯದು. ನಮ್ಮ ಅಪಾರ್ಟ್‌ಮೆಂಟ್ ಸಂಘದ್ದು ನಾಲ್ಕನೆಯದು. ಐದನೆಯದು ಅಮೆರಿಕದ ನಡುಭಾಗದ ಊರೊಂದರ ಕನ್ನಡ ಕೂಟ; ಅದರ ಕಾರ್ಯದರ್ಶಿ ನನ್ನ ಸಹಪಾಠಿ. ಐವರಲ್ಲಿ ಯಾರೂ ಕಾಸು ಕೊಡುವುದಿಲ್ಲ. ಮಾವ ವರ್ಷಕ್ಕೊಮ್ಮೆ ಜೇನು, ಕಾಫಿಪುಡಿ ಕಳಿಸುತ್ತಾರೆ. ಮೇಷ್ಟ್ರು ನನ್ನ ವಾಟ್ಸಾಪ್ ಸಂದೇಶಗಳ ಕಾಗುಣಿತ ತಿದ್ದಿ ವಾಪಸು ಕಳಿಸುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದ ಹತ್ತಿರ ಒಂದು ವಠಾರದಲ್ಲಿ. ಮುಂದೆ ಮಾಲೀಕರ ಮನೆ, ಹಿಂದೆ ಅಂಗಳದ ಸುತ್ತ ಆರು ಬಾಡಿಗೆ ಮನೆಗಳು. ನಲ್ಲಿ ಒಂದು, ಬಚ್ಚಲು ಒಂದು, ಒಗೆಯುವ ಕಲ್ಲು ಒಂದು. ಮೊದಲು ನಾಲ್ಕೇ ಮನೆಗಳಿದ್ದವಂತೆ. ದೊಡ್ಡ ಕೋಣೆಗೆ ನಡುವೆ ಹಲಗೆ ಹೊಡೆಸಿ ಎರಡು ಮಾಡಿ, ಹೆಂಚಿನ ಮಾಡನ್ನು ಇನ್ನೊಂದು ಮಾರು ಹಿಂದಕ್ಕೆ ಎಳೆದು, ಮಾಲೀಕರು ಆರಕ್ಕೆ ಏರಿಸಿದ್ದರು. ಹೊಸಬರನ್ನು ಕರೆತಂದಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಇನ್ನೊಂದು ಸಂಸಾರ, ಏನು ಮಹಾ ಜಾಗ ಹಿಡಿಯುತ್ತೆ?” ಈಗ ನಾನೇ ಮಾಲೀಕ. ಮಾತೂ ಅದೇ.

ಓಡುತ್ತಿರುವ ಒಂದೊಂದು ಪ್ರೋಗ್ರಾಮಿಗೂ ಕಂಪ್ಯೂಟರು ಒಂದು ಬೇರೆ ಮನೆ ಕೊಡುತ್ತದೆ. ಅದಕ್ಕೆ ಪ್ರೊಸೆಸ್ ಅನ್ನುತ್ತಾರೆ. ಅದರ ಮೆಮೊರಿ ಅದರದು, ಪಕ್ಕದವರು ಇಣುಕುವಂತಿಲ್ಲ. ವೆಬ್‌ಸೈಟಿಗೊಂದು ಮನೆ ಕೊಟ್ಟರೆ ನೆಮ್ಮದಿ ಹೌದು; ಆದರೆ ಪೈಥಾನಿನ ಜಾಂಗೋ ಎಂಬ ಚೌಕಟ್ಟಿನಲ್ಲಿ ಕಟ್ಟಿದ ಸೈಟು ಬರಿಗೈಲಿ ಬರುವುದಿಲ್ಲ. ದಿನಕ್ಕೆ ನಾಲ್ಕು ಜನ ನೋಡುವ ಹೋಮ್‌ಸ್ಟೇ ಆದರೂ ಪಾತ್ರೆ ಪಡಗ, ರುಬ್ಬುವ ಕಲ್ಲು, ಅಜ್ಜಿಯ ಟ್ರಂಕು ಎಲ್ಲವನ್ನೂ ಹೇರಿಕೊಂಡು ಬರುತ್ತದೆ. ನನ್ನಲ್ಲಿ ಒಂದೊಂದು ಸೈಟೂ ನೂರು ಮೆಗಾಬೈಟಿನ ಆಸುಪಾಸು ಹಿಡಿಯುತ್ತಿತ್ತು. ಡೇಟಾಬೇಸಿಗೆ, ಅಪಾಚೆ ಎಂಬ ವೆಬ್ ಸರ್ವರಿಗೆ, ಲಿನಕ್ಸಿಗೆ ಅವುಗಳ ಪಾಲು ಕೊಟ್ಟು ಉಳಿದದ್ದನ್ನು ನೋಡಿದಾಗ ನನಗೆ ಮಾಲೀಕರ ಹಲಗೆಯ ನೆನಪಾಯಿತು. ಐದೂ ಸೈಟುಗಳನ್ನು ಒಂದೇ ಪ್ರೊಸೆಸಿನಲ್ಲಿ ಇಟ್ಟೆ.

ಇಡಲು ಬಳಸಿದ್ದು ಮಾಡ್ ವಿಸ್ಗಿ ಎಂಬ ಸಾಧನವನ್ನು. ವಿಸ್ಗಿ ಅಂದರೆ ವೆಬ್ ಸರ್ವರಿಗೂ ಪೈಥಾನ್ ಪ್ರೋಗ್ರಾಮಿಗೂ ನಡುವಿನ ಒಂದು ಕರಾರು. ಯಾರು ಯಾರಿಗೆ ಏನನ್ನು ಯಾವ ರೂಪದಲ್ಲಿ ಕೊಡಬೇಕು ಎಂಬ ಒಡಂಬಡಿಕೆ. 2003ರಲ್ಲಿ ಫಿಲಿಪ್ ಜೆ. ಎಬಿ ಎಂಬವರು ಇದರ ಕರಡು ಬರೆದರು. ಅದಕ್ಕೆ ಮೊದಲು ಈ ಚೌಕಟ್ಟಿನ ಸೈಟು ಈ ಸರ್ವರಿಗೆ ಮಾತ್ರ, ಆ ಚೌಕಟ್ಟಿನದು ಆ ಸರ್ವರಿಗೆ ಮಾತ್ರ ಎಂಬ ಒಳಪಂಗಡದ ಲೆಕ್ಕಾಚಾರವಿತ್ತು. ಆ ಹೆಸರನ್ನು ಉಚ್ಚರಿಸುವುದರಲ್ಲಿ ಜನ ಇನ್ನೂ ಒಮ್ಮತಕ್ಕೆ ಬಂದಿಲ್ಲ. ‘ವಿಸ್ಗಿ’ ಅನ್ನುವವರಿದ್ದಾರೆ, ನೇರವಾಗಿ ‘ವಿಸ್ಕಿ’ ಅನ್ನುವವರೂ ಇದ್ದಾರೆ. ಒಂದು ರಾತ್ರಿ ಕೂಟದ ಕಾರ್ಯದರ್ಶಿಯ ಜೊತೆ ಫೋನಿನಲ್ಲಿ, “ವಿಸ್ಗಿ ಜಾಸ್ತಿ ಆಯ್ತು ಅನ್ಸುತ್ತೆ, ಬೆಳಿಗ್ಗೆ ಕಮ್ಮಿ ಮಾಡ್ತೀನಿ” ಎಂದು ನಾನು ಹೇಳಿದ್ದನ್ನು ನಮ್ಮ ಅತ್ತೆಯವರು ಕೇಳಿಸಿಕೊಂಡಿದ್ದರು. ಮಾರನೆಯ ದಿನ ತಿಂಡಿಯ ಜೊತೆ ಒಂದು ಲೋಟ ನಿಂಬೆಹಣ್ಣಿನ ಪಾನಕ ಮಾತಿಲ್ಲದೆ ಬಂತು.

ಗ್ರಹಾಂ ಡಂಪಲ್ಟನ್ ಎಂಬ ಆಸ್ಟ್ರೇಲಿಯಾದವರು ಬರೆದ ಮಾಡ್ ವಿಸ್ಗಿ, ಒಂದೇ ಪ್ರೊಸೆಸಿನೊಳಗೆ ಒಂದೊಂದು ಸೈಟಿಗೂ ಬೇರೆ ಬೇರೆ ಉಪ-ಇಂಟರ್‌ಪ್ರಿಟರ್ ಹಾಕಿಕೊಡುತ್ತದೆ. ಹೆಸರಿಗೆ ಹೆದರಬೇಕಿಲ್ಲ, ಅದೇ ನಮ್ಮ ವಠಾರದ ಹಲಗೆ ಗೋಡೆ. ಇತ್ತ ಕಡೆಯ ಮಾತು ಅತ್ತ ಕಾಣುವುದಿಲ್ಲ. ಯಾರ ಮನೆಗೆ ಬಂದ ಅತಿಥಿ ಎಂದು ತಿಳಿಯುವುದೂ ಸುಲಭ: 1997ರ ಎಚ್‌ಟಿಟಿಪಿ 1.1ರಿಂದೀಚೆಗೆ ಬ್ರೌಸರು ತಾನು ಹುಡುಕಿ ಬಂದ ಸೈಟಿನ ಹೆಸರನ್ನು ಬಾಗಿಲಲ್ಲೇ ಹೇಳಲೇಬೇಕು. ವಠಾರದ ವಿಳಾಸ ಒಂದೇ ಆದರೂ ಅಂಚೆಯವನು ಲಕೋಟೆಯ ಮೇಲಿನ ಹೆಸರು ಓದಿ ಕಾಗದ ಕೊಡುತ್ತಿರಲಿಲ್ಲವೆ, ಹಾಗೆ.

ಗೋಡೆ ಬೇರೆಯಾದರೂ ಬಚ್ಚಲು ಒಂದೇ. ಪೈಥಾನಿನಲ್ಲಿ ಜಿಲ್ ಎಂಬ ಒಂದು ಬೀಗವಿದೆ; ಒಂದು ಪ್ರೊಸೆಸಿನಲ್ಲಿ ಕೆಲಸದ ಹದಿನೈದು ಎಳೆಗಳಿರಲಿ, ಐದು ಹಲಗೆ ಗೋಡೆಗಳಿರಲಿ, ಒಂದು ಗಳಿಗೆಯಲ್ಲಿ ಪೈಥಾನ್ ಓಡಿಸುವವನು ಒಬ್ಬನೇ. ಡೇಟಾಬೇಸಿನ ಉತ್ತರಕ್ಕೆ ಕಾಯಬೇಕಾದವನು ಮರ್ಯಾದೆಯಿಂದ ಬಾಗಿಲು ತೆರೆದು ಹೊರಗೆ ಬಂದು ನಿಲ್ಲುತ್ತಾನೆ. ಲೆಕ್ಕ ಮಾಡುತ್ತ ಒಳಗೇ ಕೂತವನಿಗೆ 5 ಮಿಲಿಸೆಕೆಂಡಿಗೊಮ್ಮೆ ಬಾಗಿಲು ಬಡಿಯುತ್ತಾರೆ. ಅಪಾರ್ಟ್‌ಮೆಂಟಿನ ಖಜಾಂಚಿಗಳು ತಿಂಗಳ ಐದನೇ ತಾರೀಖು ನಿರ್ವಹಣಾ ಶುಲ್ಕದ ಪಟ್ಟಿ ಏರಿಸಿದಾಗ ಮಿಕ್ಕ ನಾಲ್ಕು ಸೈಟುಗಳು ಹೆಗಲ ಮೇಲೆ ಟವೆಲು ಹಾಕಿಕೊಂಡು ಸಾಲಿನಲ್ಲಿ ನಿಂತದ್ದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಕೋಣೆಗೊಂದು ಬಚ್ಚಲು ಕೊಡಬಹುದಾದ ಏರ್ಪಾಟು 2023ರಲ್ಲಿ, ಪೈಥಾನ್ 3.12ರಲ್ಲಿ ಬಂತು. ನನ್ನ ವಠಾರಕ್ಕೆ ಆ ಕೊಳಾಯಿ ಇನ್ನೂ ಬಂದಿರಲಿಲ್ಲ.

ಈ ರಾಹುಕಾಲದ ಪ್ರಕರಣಕ್ಕೂ ಮೊದಲು ಒಂದು ಅವಾಂತರ ಆಗಿತ್ತು. ಅದನ್ನು ಹೇಳದೆ ಮುಂದೆ ಹೋದರೆ ಮಾವನವರು ಬೇಜಾರು ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಬೆಂಗಳೂರಿನ ಯಾರೋ ದಂಪತಿ ಮಲೆನಾಡಿನಲ್ಲಿ ಎರಡು ದಿನ ಇರೋಣವೆಂದು ಹೋಮ್‌ಸ್ಟೇ ಸೈಟಿಗೆ ಹೋದರಂತೆ. ಕಡುಬು, ಜಲಪಾತ, ಕಂಬಳಿ ಹೊದ್ದ ಬೆಟ್ಟ ಕಾಣಬೇಕಾದ ಕಡೆ, ಕೇಶಿರಾಜನ ಶಬ್ದಮಣಿದರ್ಪಣದ ಸಂಧಿ ಪ್ರಕರಣದ ಮೇಲೆ ಮೇಷ್ಟ್ರ ಲೇಖನ ಕಂಡಿತು. ಅವರು ಮಾವನಿಗೆ ಫೋನ್ ಮಾಡಿ, “ರೂಮು ಖಾಲಿ ಇದೆಯಾ, ಅಲ್ಲಿ ಏನಾದರೂ ವ್ಯಾಕರಣದ ಶಿಬಿರ ಇದೆಯಾ?” ಎಂದು ಕೇಳಿದರು.

ಕಾರಣ ಒಂದೇ ಒಂದು ಸಾಲು. ಜಾಂಗೋ ಸೈಟು ಏಳುವಾಗ ತನ್ನ ಸೆಟ್ಟಿಂಗಿನ ಕಡತ ಯಾವುದೆಂದು ಪ್ರೊಸೆಸಿನ ಪರಿಸರದಲ್ಲಿ, ಅಂದರೆ ವಠಾರದ ಹೆಬ್ಬಾಗಿಲ ಹಲಗೆಯಲ್ಲಿ, ಬರೆಯುತ್ತದೆ. ತಾನಾಗಿ ಸಿದ್ಧವಾಗಿ ಬರುವ ಸಾಲಿನಲ್ಲಿ ಇರುವುದು, “ಇಲ್ಲಿ ಯಾರೂ ಹೆಸರು ಬರೆಯದಿದ್ದರೆ ನನ್ನ ಹೆಸರು ಬರೆ” ಎಂಬ ಸಭ್ಯವಾದ ಮಾತು. ಒಂಟಿ ಮನೆಗೆ ಈ ಸಭ್ಯತೆ ಸರಿ. ವಠಾರದಲ್ಲಿ ಮೊದಲು ಎದ್ದವನು ಹೆಸರು ಬರೆದ. ಎರಡನೆಯವನು ಬಂದು, ಓಹೋ, ಆಗಲೇ ಬರೆದಿದೆ, ಹಾಗಾದರೆ ನಾನೇ ಅವನಿರಬೇಕು ಎಂದುಕೊಂಡು ಅವನ ಅಂಗಿ ತೊಟ್ಟುಕೊಂಡ. ಒಂದೇ ಪ್ರೊಸೆಸಿನಲ್ಲಿ ಹಲವು ಸೈಟು ಇಟ್ಟರೆ ಹೀಗಾಗುತ್ತದೆಂದು ಜಾಂಗೋದ ಕೈಪಿಡಿ ಮೊದಲೇ ಎಚ್ಚರಿಸಿದೆ. ಅಂಥದ್ದನ್ನು ಓದುವುದು ಯಾವಾಗಲೂ ಆಮೇಲೆ. ಯಾವ ಹೆಸರು ಹೇಳಿಕೊಂಡು ಬಂದವರನ್ನು ಒಳಗೆ ಬಿಡಬೇಕು ಎಂದು ಕೇಳುವ ಜಾಗದಲ್ಲಿ, ಯಾರಾದರೂ ಬರಲಿ ಎಂದು ನಾನು ಸೋಮಾರಿತನದಿಂದ ಒಂದು ನಕ್ಷತ್ರ ಹಾಕಿದ್ದು ಬೇರೆ. ಇಲ್ಲದಿದ್ದರೆ ಬಾಗಿಲಲ್ಲೇ ತಡೆ ಆಗುತ್ತಿತ್ತು.

ಮೇಷ್ಟ್ರಿಗೆ ಸಂಗತಿ ಹೇಳಿ, “ಲೋಪಸಂಧಿ ಆಗಿಬಿಟ್ಟಿತ್ತು ಸಾರ್, ಎರಡು ಸೇರುವ ಕಡೆ ಒಂದು ಬಿದ್ದುಹೋಯಿತು” ಎಂದು ಜಾಣತನ ತೋರಿಸಿದೆ. ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದರು. “ಬಿದ್ದುಹೋಗಿ ಸುಮ್ಮನಾಗಿಲ್ಲವಲ್ಲಪ್ಪ. ಒಂದರ ಜಾಗಕ್ಕೆ ಇನ್ನೊಂದು ಬಂದು ಕೂತಿದೆ. ಇದು ಆದೇಶಸಂಧಿ” ಅಂದರು. ಸಾಲು ತಿದ್ದಿದೆ. ಯಾರು ಏನೇ ಬರೆದಿರಲಿ, ನನ್ನ ಹೆಸರನ್ನು ನಾನು ಬರೆದೇ ತೀರುತ್ತೇನೆ ಎಂದು ಈಗ ಐದೂ ಸೈಟುಗಳು ಒರಟಾಗಿ ಹೇಳುತ್ತವೆ.

ಹೆಸರಿನ ಜಗಳ ಮುಗಿಯಿತು, ಇನ್ನು ತಂಟೆಯಿಲ್ಲ ಎಂದುಕೊಂಡಿದ್ದಾಗಲೇ ಭಾವನ ಭಾನುವಾರ ಶುರುವಾದದ್ದು.

ಗುರುವಾರ ರಾತ್ರಿ ನಿದ್ದೆ ಬರದೆ ಮಲಗಿದ್ದಾಗ ವಠಾರದ ಗಡಿಯಾರ ನೆನಪಾಯಿತು. ಮಾಲೀಕರ ನಡುಮನೆಯಲ್ಲಿ ಲೋಲಕದ ದೊಡ್ಡ ಗಡಿಯಾರವಿತ್ತು. ಆರು ಮನೆಯಲ್ಲಿ ಯಾರ ಹತ್ತಿರವೂ ಬೇರೆ ಗಡಿಯಾರವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದು ಢಣ್ ಎಂದರೆ ಹಲಗೆ, ಗೋಡೆ, ಅಂಗಳ ಯಾವುದನ್ನೂ ಲೆಕ್ಕಿಸದೆ ಎಲ್ಲರ ಒಲೆಯ ಮುಂದೆಯೂ ಕೇಳುತ್ತಿತ್ತು. ಒಂದು ಸಲ ಮಾಲೀಕರ ಮನೆಯ ಅಜ್ಜಿ ಧೂಳು ಒರೆಸುವಾಗ ಮುಳ್ಳು ಮುಂದಕ್ಕೆ ಹೋಯಿತು. ಅವತ್ತು ವಠಾರದ ಮಕ್ಕಳೆಲ್ಲ ಮುಕ್ಕಾಲು ಗಂಟೆ ಮೊದಲೇ ಶಾಲೆ ಸೇರಿ, ಬೀಗ ಹಾಕಿದ ಗೇಟಿನ ಮುಂದೆ ಸಾಲಾಗಿ ಕೂತಿದ್ದೆವು. ಹಲಗೆ ಹೊಡೆಸಿ ಕೋಣೆಯನ್ನು ಎರಡು ಮಾಡಬಹುದು. ಢಣ್ ಅನ್ನುವುದನ್ನು ಎರಡು ಮಾಡಲು ಬರುವುದಿಲ್ಲ.

ಎದ್ದು ಹೋಗಿ ದೀಪ ಹಾಕಿದೆ. ಅಲ್ಲೇ ಇತ್ತು. ಜಾಂಗೋ ಏಳುವಾಗ ತನ್ನ ಸೆಟ್ಟಿಂಗಿನಲ್ಲಿರುವ ಊರಿನ ವೇಳೆಯನ್ನು ಇಡೀ ಪ್ರೊಸೆಸಿನ ವೇಳೆಯಾಗಿ ಇಟ್ಟುಬಿಡುತ್ತದೆ. ಪ್ರೊಸೆಸಿಗೆ ಸ್ಥಳೀಯ ವೇಳೆ ಎಂಬುದು ಒಂದೇ. ಹಲಗೆ ಗೋಡೆಯ ಆಚೆಯವರಿಗೂ ಅದೇ. ಹೆಸರಿನ ವಿಷಯದಲ್ಲಿ ಮೊದಲು ಬಂದವನು ಗೆದ್ದಿದ್ದ, ಗಡಿಯಾರದ ವಿಷಯದಲ್ಲಿ ಕೊನೆಗೆ ಬಂದವನದು ಮೇಲುಗೈ. ಸೈಟು ಏಳುವುದು ಯಾರಾದರೂ ಮೊದಲ ಬಾರಿ ಬಾಗಿಲು ತಟ್ಟಿದಾಗ. ನಾನು ಬೆಳಿಗ್ಗೆ ಹನ್ನೊಂದಕ್ಕೆ ಸರ್ವರನ್ನು ಹೊಸದಾಗಿ ಶುರುಮಾಡಿ ಮಂಟಪದ ಸೈಟು ನೋಡುತ್ತೇನೆ, ಮುಳ್ಳು ಭಾರತದ ವೇಳೆಗೆ ಬರುತ್ತದೆ, ಬೆನ್ನು ತಟ್ಟಿಕೊಂಡು ಏಳುತ್ತೇನೆ. ಇಲ್ಲಿ ದೀಪ ಹಚ್ಚುವ ಹೊತ್ತಿಗೆ ಅಮೆರಿಕದಲ್ಲಿ ಬೆಳಗಾಗುತ್ತದೆ. ಗಣೇಶನ ಹಬ್ಬದ ಊಟಕ್ಕೆ ಹೆಸರು ಕೊಡಲು ಯಾರೋ ಪುಣ್ಯಾತ್ಮರು ಕೂಟದ ಸೈಟು ತೆರೆಯುತ್ತಾರೆ. ಅದು ಎದ್ದು ಮುಳ್ಳನ್ನು ಹತ್ತೂವರೆ ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಆಮೇಲೆ ಭಾರತದಲ್ಲಿ ನಡುರಾತ್ರಿಯಿಂದ ಬೆಳಿಗ್ಗೆ ಹತ್ತೂವರೆವರೆಗೆ ಭಾವನಿಗೆ ನಿನ್ನೆಯ ದಿನವೇ. ಹತ್ತೂವರೆಗೆ ಅಮೆರಿಕದಲ್ಲೂ ದಿನ ಬದಲಾಗಿ ರಾಹು ತನ್ನ ಸರಿಯಾದ ಮನೆಗೆ ಬರುತ್ತಾನೆ. ಹನ್ನೊಂದಕ್ಕೆ ಎದ್ದು ನೋಡುವವನಿಗೆ ಏನು ಗೊತ್ತಾಗಬೇಕು? ತಪ್ಪು ಇದ್ದದ್ದು ಹತ್ತು ಸಾಲಿನಲ್ಲಲ್ಲ, ನನ್ನ ದಿನಚರಿಯಲ್ಲಿ.

ಇನ್ನೂ ಒಂದು ಚೋದ್ಯ. ಕೂಟದ ಸೈಟಿನಲ್ಲಿ ವೇಳೆಯ ಸಾಲನ್ನೇ ನಾನು ಇಟ್ಟಿರಲಿಲ್ಲ. ಬೇಡವೆನಿಸಿದ ಸಾಲುಗಳನ್ನು ಅಳಿಸುವ ಚಟ ನನಗೆ. ಆದರೂ ಅಲ್ಲಿ ಗಂಟೆ ಸರಿಯಾಗಿಯೇ ತೋರಿಸುತ್ತಿತ್ತಲ್ಲ ಎಂದು ನೋಡಿದರೆ, ಏನೂ ಹೇಳದಿದ್ದರೆ ಜಾಂಗೋ ಶಿಕಾಗೋದ ವೇಳೆಯನ್ನು ಹಿಡಿಯುತ್ತದೆ. ಅದು ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಚಿಕ್ಕ ಊರಿನ ಪತ್ರಿಕಾ ಕಚೇರಿಯಲ್ಲಿ, ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಕೈಯಲ್ಲಿ. ಲೋಕಕ್ಕೆ ತೆರೆದದ್ದು 2005ರ ಜುಲೈನಲ್ಲಿ. ಆ ಊರಿನ ಗಡಿಯಾರವೂ ಶಿಕಾಗೋದ ಗಡಿಯಾರವೂ ಒಂದೇ. ಆ ಪತ್ರಿಕೆಯವರಿಗೂ ಎರಡು ಸೈಟುಗಳಿದ್ದವು, ಒಂದು ಸುದ್ದಿಗೆ, ಇನ್ನೊಂದು ಊರಿನ ಮನರಂಜನೆಗೆ. ಒಂದೇ ಬರಹವನ್ನು ಎರಡು ಕಡೆಯೂ ಹಾಕಬೇಕಾಗಿ ಬಂದಾಗ ಸೈಟುಗಳು ಹಂಚಿಕೊಂಡು ಬಾಳುವ ಒಂದು ವ್ಯವಸ್ಥೆಯನ್ನೇ ಜಾಂಗೋದೊಳಗೆ ಕಟ್ಟಿಕೊಂಡರು. ಹಂಚಿಕೊಳ್ಳುವುದು ಅದಕ್ಕೆ ಹುಟ್ಟುಗುಣ ಎನ್ನಬೇಕು. ಅವರ ಎರಡೂ ಸೈಟುಗಳು ಒಂದೇ ಊರಿನವು, ಮುಳ್ಳಿನ ಜಗಳ ಬರಲು ಆಸ್ಪದವಿರಲಿಲ್ಲ. ಕಾನ್ಸಾಸಿನ ಪತ್ರಿಕಾ ಕಚೇರಿಯ ಗೋಡೆ ಗಡಿಯಾರ ಇಷ್ಟು ವರ್ಷದ ಮೇಲೆ ಮೈಸೂರಿನ ರಾಹುಕಾಲವನ್ನು ಅಲ್ಲಾಡಿಸಿತ್ತು.

ತಕ್ಷಣದ ಮದ್ದು ಸುಲಭ. ಬರೀ ಗಂಟೆ ಎಷ್ಟು ಎಂದು ಕೇಳುವ ಬದಲು, ಇಂಥ ಊರಿನಲ್ಲಿ ಗಂಟೆ ಎಷ್ಟು ಎಂದು ಕೇಳಬೇಕು. ಭಾರತದ ವೇಳೆಗೆ ಕಂಪ್ಯೂಟರಿನ ಲೋಕದಲ್ಲಿ ಕೋಲ್ಕತ್ತ ಎಂದು ಹೆಸರು. ಹಾಗೆ ತಿದ್ದಿ ಭಾವನಿಗೆ ವಿವರಿಸಲು ಹೋದೆ. “ಕೋಲ್ಕತ್ತದ ಟೈಮು ನಮಗ್ಯಾಕಯ್ಯ? ಅಲ್ಲಿ ಸೂರ್ಯ ಬೇಗ ಹುಟ್ಟುತ್ತಾನೆ. ಮೈಸೂರಿಂದು ಹಾಕು” ಅಂದರು. ಪಂಚಾಂಗ ಬಲ್ಲವರ ಮುಂದೆ ವೇಳೆಯ ವಿಷಯ ಎತ್ತಬಾರದು.

ತಿದ್ದಿದ್ದಾಯಿತು, ಮನಸ್ಸು ಒಪ್ಪಲಿಲ್ಲ. ಗಡಿಯಾರ ಆಯಿತು, ಇನ್ನು ಯಾವುದೆಲ್ಲ ಗೋಡೆ ದಾಟುತ್ತಿದೆಯೋ! ಐದಕ್ಕೂ ಐದು ಪ್ರೊಸೆಸ್ ಕೊಟ್ಟು, ಆದರೆ ಪಾತ್ರೆ ಪಡಗ ಮಾತ್ರ ಹಂಚಿಕೊಳ್ಳುವಂತೆ ಮಾಡಲು ಆಗದೇ ಎಂದು ನೋಡಿದೆ. ಅದಕ್ಕೂ ಲಿನಕ್ಸಿನಲ್ಲಿ ಒಂದು ದಾರಿಯಿದೆ. ತಾಯಿ ಪ್ರೊಸೆಸ್ ಎಲ್ಲವನ್ನೂ ಹೊತ್ತು ತಂದು ಇಟ್ಟುಕೊಂಡ ಮೇಲೆ ಮರಿ ಹಾಕುತ್ತದೆ. ಮರಿಗಳು ತಾಯಿಯ ಮೆಮೊರಿಯನ್ನೇ ಓದಿಕೊಂಡಿರುತ್ತವೆ. ಯಾರಾದರೂ ಅದರ ಮೇಲೆ ಬರೆಯಲು ಹೊರಟಾಗ ಮಾತ್ರ ಲಿನಕ್ಸು ಆ ಒಂದು ಹಾಳೆಯನ್ನು, ಸಾಮಾನ್ಯವಾಗಿ 4096 ಬೈಟುಗಳನ್ನು, ನಕಲು ಮಾಡಿ ಅವರ ಕೈಗೆ ಕೊಡುತ್ತದೆ. ಕೇಳಲು ಎಷ್ಟು ಚೆನ್ನ.

ನಮ್ಮ ವಠಾರದಲ್ಲಿ ಆರು ಮನೆಗೂ ಸೇರಿ ಒಂದು ‘ಸುಧಾ’ ಬರುತ್ತಿತ್ತು. ಓದಿದವರು ಹಿಂಬದಿಯಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಕೊಡಬೇಕು. ಆರು ಮನೆ ಸುತ್ತಿ ಬರುವಷ್ಟರಲ್ಲಿ ಗುರುತುಗಳ ಜೊತೆ ಹಾಲಿನ ಲೆಕ್ಕ, ದೋಬಿ ಲೆಕ್ಕ, ಯಾರದೋ ಮಗುವಿನ ಅ ಆ ಇ ಈ ಎಲ್ಲ ಅಲ್ಲೇ ಇರುತ್ತಿದ್ದವು. ಪೈಥಾನಿನದೂ ಇದೇ ಸ್ವಭಾವ. ಒಂದೊಂದು ವಸ್ತುವನ್ನೂ ಎಷ್ಟು ಜನ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆಯನ್ನು ಅದು ಆ ವಸ್ತುವಿನ ಮೈಮೇಲೆಯೇ ಬರೆಯುತ್ತದೆ. ಸುಮ್ಮನೆ ಎತ್ತಿಕೊಂಡು ನೋಡಿದರೂ ಎಣಿಕೆ ಒಂದು ಏರುತ್ತದೆ, ಇಟ್ಟರೆ ಇಳಿಯುತ್ತದೆ. ಓದುವುದೇ ಬರೆಯುವುದಾದರೆ ಹಂಚಿಕೊಳ್ಳುವುದು ಹೇಗೆ? ಒಂದು ಗೀಟಿಗೆ ಒಂದು ಇಡೀ ಹಾಳೆ ನಕಲಾಗುತ್ತದೆ. ಬೆಳಿಗ್ಗೆ ಹಂಚಿಕೊಂಡು ಹೊರಟ ಮೆಮೊರಿ ಸಂಜೆಯ ಹೊತ್ತಿಗೆ ಪಾಲಾಗಿ ಹೋಗಿರುತ್ತದೆ.

ಇದು ನನ್ನಂಥ ಬಡ ಮಾಲೀಕನ ಗೋಳು ಮಾತ್ರವಲ್ಲ ಎಂದು ತಿಳಿದು ಸಮಾಧಾನವಾಯಿತು. ಜಾಂಗೋ ಮೇಲೆಯೇ ನಿಂತಿರುವ ಇನ್‌ಸ್ಟಾಗ್ರಾಮಿನವರು 2017ರಲ್ಲಿ ಪೈಥಾನಿನ ಕಸ ಗುಡಿಸುವ ಯಂತ್ರವನ್ನೇ ನಿಲ್ಲಿಸಿಬಿಟ್ಟಿದ್ದನ್ನು ಬರೆದುಕೊಂಡಿದ್ದಾರೆ. ಕಸವಿದೆಯೇ ಎಂದು ನೋಡಲು ಬಂದವಳು ಎಲ್ಲ ವಸ್ತುವನ್ನೂ ಮುಟ್ಟಿ ಗುರುತು ಹಾಕಿ ಹೋಗುತ್ತಿದ್ದಳು; ಅದರಿಂದಲೇ ಹಾಳೆಗಳು ನಕಲಾಗುತ್ತಿದ್ದವು. ಗುಡಿಸುವುದನ್ನು ನಿಲ್ಲಿಸಿದ್ದರಿಂದ ಶೇಕಡಾ 10ರಷ್ಟು ಲಾಭವಾಯಿತಂತೆ. ಮುಂದೆ 2018ರ ಪೈಥಾನ್ 3.7ರಲ್ಲಿ, ಇಷ್ಟು ಸಾಮಾನನ್ನು ಗುಡಿಸುವವಳು ಮುಟ್ಟಕೂಡದು ಎಂದು ಹೇಳುವ ಸೌಕರ್ಯವೂ ಸೇರಿತು. 3.12ರಲ್ಲಿ ಇನ್ನೂ ಮುಂದೆ ಹೋಗಿ ಕೆಲವು ವಸ್ತುಗಳಿಗೆ ಸಾವೇ ಇಲ್ಲವೆಂದು ಸಾರಿದರು. ಸಾಯದವರನ್ನು ಎಣಿಸುವುದೇಕೆ, ಎಣಿಕೆ ಬಿಟ್ಟರು. ನಮ್ಮಲ್ಲಿ ಅಶ್ವತ್ಥಾಮ, ಹನುಮಂತ, ವಿಭೀಷಣ ಮೊದಲಾಗಿ ಏಳು ಚಿರಂಜೀವಿಗಳು. ಪೈಥಾನಿನಲ್ಲಿ ಆ ಪಟ್ಟ ಸಿಕ್ಕವರಲ್ಲಿ ‘ನನ್’ ಎಂಬುದೂ ಒಂದು, ಅಂದರೆ ‘ಏನೂ ಇಲ್ಲ’. ಏನೂ ಇಲ್ಲದಿರುವುದಕ್ಕೆ ಸಾವಿಲ್ಲ ಎಂದರೆ ಅಲ್ಲಮಪ್ರಭುವಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಕೊನೆಗೆ ಐದಕ್ಕೂ ಬೇರೆ ಮನೆ ಕೊಟ್ಟೆ. ಈ ಸಲ ಹಿಡಿದದ್ದು ಯುವಿಸ್ಗಿ ಎಂಬ ಇನ್ನೊಂದು ಸರ್ವರನ್ನು. ಇದು ಇಟಲಿಯವರದು, ಅದಕ್ಕೇ ಇರಬೇಕು, ಇದರಲ್ಲೊಬ್ಬ ಚಕ್ರವರ್ತಿ ಇದ್ದಾನೆ. ಉತ್ಪ್ರೇಕ್ಷೆಯಲ್ಲ, ಆ ಏರ್ಪಾಟಿನ ಹೆಸರೇ ಅದು. ಚಕ್ರವರ್ತಿ ಒಂದು ಫೋಲ್ಡರನ್ನು ಕಾಯುತ್ತ ಕೂತಿರುತ್ತಾನೆ. ಅದರಲ್ಲಿ ಸೈಟಿಗೊಂದು ಕಡತ. ಒಂದೊಂದು ಕಡತವೂ ಒಬ್ಬ ಸಾಮಂತ. ಕಡತವನ್ನು ಮುಟ್ಟಿದರೆ ಆ ಸಾಮಂತ ಹೊಸ ಉಡುಪು ಧರಿಸಿ ಬರುತ್ತಾನೆ. ಕಡತ ಅಳಿಸಿದರೆ ಸಾಮಂತನ ಕಥೆ ಮುಗಿಯಿತು. ಮೊದಲ ದಿನ ದಿನಚರಿಯ ಕಡತದಲ್ಲಿ ಒಂದೊಂದೇ ಸಾಲು ಮೂಡುವುದನ್ನು ನೋಡುತ್ತ ಕೂತೆ: ಸಾಮಂತ ಹೋಮ್‌ಸ್ಟೇ ಈಗ ನಿಷ್ಠ. ಸಾಮಂತ ಮೇಷ್ಟ್ರು ಈಗ ನಿಷ್ಠ. ಸಾಮಂತ ಮಂಟಪ ಈಗ ನಿಷ್ಠ. ಚಾಳುಕ್ಯರಿಗೆ ಈ ಸಾಲು ಕಾಣುವ ಭಾಗ್ಯ ಎಷ್ಟು ದಿನ ಇತ್ತು? ಬಾದಾಮಿಯವರಿಗೆ ರಾಷ್ಟ್ರಕೂಟರು, ಕಲ್ಯಾಣದವರಿಗೆ ಹೊಯ್ಸಳರು. ಸಾಮಂತರಾಗಿ ಇದ್ದವರೇ ಒಂದು ದಿನ ಸ್ವಂತ ಪ್ರೊಸೆಸ್ ಮಾಡಿಕೊಂಡರು. ಈ ಚಕ್ರವರ್ತಿಗೂ ಈಗ ವಯಸ್ಸಾಗಿದೆ. ಹೊಸದೇನೂ ಸೇರಿಸುವುದಿಲ್ಲ, ಬರೀ ದುರಸ್ತಿ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ. ನನ್ನ ಐದು ಊರಿನ ಸಾಮ್ರಾಜ್ಯಕ್ಕೆ ಅಷ್ಟು ಸಾಕು.

ಬಹಳ ಹೊತ್ತು ಯಾರೂ ಬರದಿದ್ದರೆ ಸಾಮಂತ ಮಲಗಬಹುದು, ಯಾರಾದರೂ ಬಾಗಿಲು ತಟ್ಟಿದರೆ ಚಕ್ರವರ್ತಿ ಎಬ್ಬಿಸುತ್ತಾನೆ ಎಂದೂ ಬರೆದಿಟ್ಟೆ. ಮಳೆಗಾಲದಲ್ಲಿ ಹೋಮ್‌ಸ್ಟೇ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಮಾವನೂ ಹಾಗೆಯೇ. ಇಬ್ಬರನ್ನೂ ಎಬ್ಬಿಸಿದಾಗ ಮೊದಲ ಮಾತು ಬರುವುದು ಸ್ವಲ್ಪ ತಡ. ಮೆಮೊರಿ ಹೊಟ್ಟೆ ಬಟ್ಟೆಗೆ ಸಾಲುವಷ್ಟು ಉಳಿಯಿತು.

ಮುಂದಿನ ಸೋಮವಾರ ಏಳೂ ಮುಕ್ಕಾಲಿಗೆ ನಾನೇ ಎದ್ದು ಸೈಟು ತೆರೆದೆ. ಸೋಮವಾರ, 7.30ರಿಂದ 9. ಫೋನೂ ನಾನೇ ಮಾಡಿದೆ. ನಿಮ್ಮ ಮಂಟಪಕ್ಕೆ ಈಗ ಸ್ವಂತ ಗಡಿಯಾರ ಬಂದಿದೆ ಭಾವ, ಇನ್ನು ಮೇಲೆ ಯಾವ ಊರಿನವರೂ ಮುಳ್ಳು ತಿರುಗಿಸುವಂತಿಲ್ಲ, ಧೈರ್ಯವಾಗಿ ಸೈಟು ನೋಡಿಕೊಂಡು ಮುಂಗಡ ತೆಗೆದುಕೊಳ್ಳಿ ಅಂದೆ.

“ಅಯ್ಯೋ, ಅದನ್ನ ನೋಡಿಕೊಂಡು ಯಾರು ತಗೋತಾರಯ್ಯ? ಒಂಟಿಕೊಪ್ಪಲ್ ಪಂಚಾಂಗ ಇಲ್ಲೇ ಮೊಳೆಗೆ ತೂಗುಹಾಕಿದೆ. ನಿಂದು ಸರಿ ಇದೆಯಾ ಇಲ್ಲವಾ ಅಂತ ದಿನಾ ಬೆಳಿಗ್ಗೆ ಒಂದು ಸಲ ನೋಡ್ತೀನಿ ಅಷ್ಟೇ” ಅಂದರು. ಆಮೇಲೆ ದನಿ ಸ್ವಲ್ಪ ಮೆತ್ತಗಾಯಿತು. “ಅದಿರಲಿ. ನಮ್ಮ ತಮ್ಮ ಅಡುಗೆ ಕಾಂಟ್ರಾಕ್ಟು ಶುರು ಮಾಡಿದ್ದಾನೆ. ಅವನದೂ ಒಂದು ಸೈಟು ಅಲ್ಲೇ ಎಲ್ಲಾದರೂ ಸೇರಿಸಿಬಿಡು. ಇನ್ನೊಂದು, ಏನು ಮಹಾ ಜಾಗ ಹಿಡಿಯುತ್ತೆ?”

ತೆರೆಯ ಮೇಲೆ ಕುಂಕುಮದ ಚೌಕ ಇನ್ನೂ ಹಾಗೆಯೇ ಇತ್ತು.

“ಈಗ ರಾಹುಕಾಲ ಭಾವ” ಅಂದೆ. “ಒಂಬತ್ತು ಹೊಡೆಯಲಿ, ಆಮೇಲೆ ಮಾತಾಡೋಣ.”